ಚಾಕಣ್ಣನ ನಾಲಿಗೆ ಮತ್ತು ದಾಳಿಂಬೆ ಸಿಪ್ಪೆ

ಹಣ್ಣಿನ ಮಂಡಿಯಲ್ಲಿ ಚಾಕಣ್ಣ ಕೂತದ್ದನ್ನು ಕಂಡವರಿಲ್ಲ. ಕುರ್ಚಿ ಕೊಟ್ಟರೆ ಅದರ ಬೆನ್ನಿಗೆ ಕೈಯೂರಿ ನಿಲ್ಲುತ್ತಾನೆ. ಚಹಾ ಕೊಟ್ಟರೆ ಲೋಟ ಹಿಡಿದುಕೊಂಡೇ ನಾಲ್ಕಾರು ಅಂಗಡಿ ದಾಟಿ, ಖಾಲಿ ಲೋಟವನ್ನು ಯಾರದೋ ತಕ್ಕಡಿಯ ಮೇಲೆ ಇಟ್ಟು ಮುಂದೆ ಹೋಗುತ್ತಾನೆ. ಚಹಾದವನು ದಿನಾ ಬೆಳಿಗ್ಗೆ ತನ್ನ ಲೋಟ ಹುಡುಕಿಕೊಂಡು ಇಡೀ ಮಂಡಿ ಸುತ್ತುವುದು ಇವನ ಪುಣ್ಯದಿಂದಲೇ.

ಹೆತ್ತವರು ಇಟ್ಟ ಹೆಸರು ಬೇರೆ ಇದೆ. ಅದನ್ನು ಕರೆದರೆ ಅವನೇ ತಿರುಗಿ ನೋಡುವುದಿಲ್ಲ. ಅಂಗಿಯ ಜೇಬಿನಲ್ಲಿ ಹಿಡಿ ಸವೆದ ಕಬ್ಬಿಣದ ಚಾಕು ಸದಾ ಇರುವುದರಿಂದ ಮಂಡಿಗೆಲ್ಲ ಅವನು ಚಾಕಣ್ಣ. ಕೆಲಸ ಇಷ್ಟೇ: ಲಾರಿಯಿಂದ ಮಾಲು ಇಳಿದೊಡನೆ ಪೆಟ್ಟಿಗೆಯ ಆಳಕ್ಕೆ ಕೈ ತೂರಿಸಿ ಒಂದು ಹಣ್ಣು ಎಳೆಯುವುದು, ಹೋಳು ಮಾಡುವುದು, ಬಾಯಿಗೆ ಹಾಕಿ ಎರಡು ಸಲ ಅಗಿದು ಉಗಿಯುವುದು, ಆಮೇಲೆ ಒಂದು ಮಾತು ಹೇಳುವುದು. 'ಜೇನು', 'ಪರವಾಗಿಲ್ಲ', 'ಹುಳಿ', 'ಸಪ್ಪೆ'. ಹರಾಜು ಶುರುವಾಗುವುದು ಆ ಮಾತಿನ ನಂತರ.

ಆಳಕ್ಕೆ ಕೈ ಹಾಕುವುದಕ್ಕೆ ಕಾರಣವಿದೆ. ಪೆಟ್ಟಿಗೆ ತುಂಬುವವರು ಒಳ್ಳೆಯ ಹಣ್ಣನ್ನೆಲ್ಲ ಒರೆಸಿ, ಕೆಂಪು ಮುಖ ಮೇಲೆ ಮಾಡಿ ಜೋಡಿಸುತ್ತಾರೆ. ಅದಕ್ಕೆ ಮೇಲ್ಸಾಲು ಎಂದು ಹೆಸರು. ಅದು ಮೋಸವೇನಲ್ಲ, ಬರೀ ಅಲಂಕಾರ. ಮನೆಗೆ ಬಂದವರಿಗೆ ಹೊಸ ಹೊದಿಕೆ ಹಾಸುವ ಹಾಗೆ. ಮೇಲ್ಸಾಲು ನೋಡಿ ಕೊಂಡವನನ್ನು ಮಂಡಿಯಲ್ಲಿ ಯಾರೂ ಬೈಯುವುದಿಲ್ಲ. ಪ್ರೀತಿಯಿಂದ ಮತ್ತೆ ಬನ್ನಿ ಎನ್ನುತ್ತಾರೆ.

ಚಾಕಣ್ಣನ ಸ್ವಂತ ಮೇಲ್ಸಾಲೂ ಚೆನ್ನಾಗಿಯೇ ಇತ್ತು. ಕೂದಲಿಗೆ ಕಪ್ಪು, ಅಂಗಿಗೆ ಇಸ್ತ್ರಿ, ಮೀಸೆಗೆ ಎಣ್ಣೆ. ಕೆಳಗಿನ ಸಾಲಿನಲ್ಲಿ ಮಾತ್ರ ಸಕ್ಕರೆ ಕಾಯಿಲೆ ವರ್ಷಗಳಿಂದ ಮೆತ್ತಗೆ ಕೂತಿತ್ತು. ಅದನ್ನು ಬಲ್ಲವರು ಹೆಂಡತಿ, ಡಾಕ್ಟರು, ಅಕ್ಕನ ಮಗಳು, ಇಷ್ಟೇ ಜನ.

"ಮಾತ್ರೆ ಸಾಕಾಗ್ತಿಲ್ಲ," ಎಂದರು ಡಾಕ್ಟರು ಆ ಸಲ. "ಇನ್ಸುಲಿನ್ ಶುರು ಮಾಡೋಣ."

"ಸ್ವಲ್ಪ ದಿನ ತಡೀರಿ ಸಾರ್."

"ಯಾಕೆ, ರೇಟು ಇಳಿಯುತ್ತೆ ಅಂತಾನಾ?"

ಚಾಕಣ್ಣ ನಗಲಿಲ್ಲ. ಕುರ್ಚಿಯಿಂದ ಆಗಲೇ ಎದ್ದು ಬಾಗಿಲ ಹತ್ತಿರ ನಿಂತಿದ್ದ. ಅವನ ಹೆದರಿಕೆ ಸೂಜಿಯದಲ್ಲ. ಅವನಿಗಿಂತ ಮೊದಲು ಮಂಡಿಯಲ್ಲಿ ರುಚಿ ನೋಡುತ್ತಿದ್ದ ಮುದುಕನೊಬ್ಬ ಸೂಜಿ ಚುಚ್ಚಿಕೊಳ್ಳುವುದನ್ನು ಯಾರೋ ಗೋದಾಮಿನಲ್ಲಿ ನೋಡಿಬಿಟ್ಟಿದ್ದರು. 'ಮೈಯೆಲ್ಲ ಸಕ್ಕರೆ ಇರೋನಿಗೆ ಹಣ್ಣಿನ ಸಕ್ಕರೆ ಹೇಗಯ್ಯಾ ತಿಳಿಯುತ್ತೆ?' ಎಂದು ಒಬ್ಬ ತಮಾಷೆಗೆ ಅಂದ. ತಮಾಷೆ ಇಡೀ ಮಂಡಿ ಸುತ್ತಿ ವಾಪಸು ಬರುವಷ್ಟರಲ್ಲಿ ತೀರ್ಪಾಗಿತ್ತು. ಮುದುಕನನ್ನು ಗೇಟಿನ ಬಳಿ ಖಾಲಿ ಪೆಟ್ಟಿಗೆ ಎಣಿಸಲು ನಿಲ್ಲಿಸಿದರು. ಅವನಿಂದ ಚಾಕು ಪಡೆದವನು ಚಾಕಣ್ಣ. ಆ ತಮಾಷೆಗೆ ಎಲ್ಲರಿಗಿಂತ ಜೋರಾಗಿ ನಕ್ಕವನೂ ಅವನೇ.

ಈಗ ಇನ್ನೊಂದು ಕಾಟ ಸೇರಿತ್ತು. ಎದುರು ಅಂಗಡಿಯ ದಲ್ಲಾಳಿ, ದಪ್ಪ ಕನ್ನಡಕದಿಂದಾಗಿ ಎಲ್ಲರ ಬಾಯಲ್ಲೂ 'ಕನ್ನಡಕ' ಎಂದೇ ಹೆಸರಾದವನು, ಎಲ್ಲಿಂದಲೋ ಬೆರಳುದ್ದದ ಯಂತ್ರವೊಂದನ್ನು ತಂದಿದ್ದ. ಒಂದು ಹನಿ ರಸ ಬಿಟ್ಟರೆ ಸಿಹಿ ಎಷ್ಟೆಂದು ಅಂಕಿಯಲ್ಲಿ ತೋರಿಸುತ್ತದೆ.

"ಅಣ್ಣಾ, ಇದಕ್ಕೆ ಚಹಾ ಬೇಡ, ರಜಾ ಬೇಡ. ಊರೆಲ್ಲ ಲೋಟ ಬಿಟ್ಟು ಬರಲ್ಲ," ಎಂದ ಕನ್ನಡಕ.

"ಉಗಿಯೋಕೆ ಬರುತ್ತಾ ಅದಕ್ಕೆ?" ಎಂದು ಚಾಕಣ್ಣ ಅವನ ಕಾಲ ಪಕ್ಕಕ್ಕೇ ಸಿಪ್ಪೆ ಉಗಿದ. ಎಲ್ಲರೂ ನಕ್ಕರು. ಆದರೆ ಮನೆಯಲ್ಲಿ ಹೆಂಡತಿ ಅವನ ಬೆರಳು ಚುಚ್ಚಿ, ಅಷ್ಟೇ ಉದ್ದದ ಇನ್ನೊಂದು ಯಂತ್ರಕ್ಕೆ ಒಂದು ಹನಿ ರಕ್ತ ಬಿಡುವಾಗ ಅವನಿಗೆ ಆ ನಗು ನೆನಪಾಗಿ ಮೈ ಉರಿಯುತ್ತಿತ್ತು.

"ರೀ, ಹಣ್ಣು ನಿಜವಾಗ್ಲೂ ಉಗೀತೀರೋ, ನುಂಗ್ತೀರೋ?"

"ಉಗೀತೀನಿ ಕಣೆ."

"ಹಾಗಾದ್ರೆ ಈ ಅಂಕಿ ಯಾರ ಮನೇದು?"

ಜೇನು ಎನ್ನಬಹುದಾದ ಹೋಳನ್ನು ಉಗಿಯಲು ಕೆಲವು ಸಲ ಮನಸ್ಸು ಬರುತ್ತಿರಲಿಲ್ಲ, ಅಷ್ಟೇ.

ಆ ದಿನಗಳಲ್ಲೇ ಹಣ್ಣಿನ ರಸದ ಕಾರ್ಖಾನೆಯೊಂದು ಇಡೀ ಹಂಗಾಮಿನ ಕಿತ್ತಳೆಯನ್ನು ಈ ಮಂಡಿಯಲ್ಲೇ ಕೊಳ್ಳುವ ಮಾತು ಎದ್ದಿತು. ಖರೀದಿಯ ಅಧಿಕಾರಿಣಿ ಒಂದು ಬೆಳಿಗ್ಗೆ ಬಂದು ಮಾಲು ನೋಡುವರು, ನಾಲಿಗೆಯನ್ನೂ ಯಂತ್ರವನ್ನೂ ಪಕ್ಕಪಕ್ಕ ಇಟ್ಟು ಪರೀಕ್ಷಿಸುವರು, ಆಮೇಲೆ ಯಾವುದನ್ನು ನಂಬುವುದೆಂದು ತೀರ್ಮಾನಿಸುವರು ಎಂದು ಸುದ್ದಿ. ಚಾಕಣ್ಣನ ಕಾಲಿಗೆ ಇದ್ದ ಚಕ್ರ ಇನ್ನೂ ಜೋರಾಗಿ ತಿರುಗತೊಡಗಿತು. ಆ ಪರೀಕ್ಷೆ ಗೆಲ್ಲಬೇಕು, ಗೆಲ್ಲುವವರೆಗೆ ಸೂಜಿಯ ಮಾತು ಹೊರಗೆ ಬೀಳಬಾರದು. ಇಲ್ಲದಿದ್ದರೆ ಚಾಕು ಕನ್ನಡಕನ ಕೈಗೆ, ತಾನು ಗೇಟಿನ ಬಳಿಗೆ.

ಅಂಥ ಹೊತ್ತಿನಲ್ಲಿ ಅಕ್ಕನ ಮಗಳು ಬಂದಳು. ಚಿಕ್ಕವಳಿದ್ದಾಗ ಇದೇ ಮಂಡಿಯ ಪೆಟ್ಟಿಗೆಗಳ ಮೇಲೆ ಕೂತು ಮಗ್ಗಿ ಕಲಿತವಳು. ಈಗ ದೊಡ್ಡ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ಹೆಸರಿನ ಹಿಂದೆ ಡಾಕ್ಟರು ಎಂದು ಬರೆದುಕೊಳ್ಳುತ್ತಾಳೆ, ನೆಗಡಿಗೆ ಒಂದು ಮಾತ್ರೆ ಬರೆದುಕೊಡಲು ಮಾತ್ರ ಬಾರದು. ಚಾಕಣ್ಣ ಅವಳನ್ನು ಡಾಕ್ಟ್ರಮ್ಮ ಎಂದೇ ಕರೆಯುವುದು.

"ಮಾವ, ನಂಗೆ ದಾಳಿಂಬೆ ಸಿಪ್ಪೆ ಬೇಕು. ಒಂದು ಚೀಲದಷ್ಟು."

"ಹಣ್ಣು ತಗೊಂಡು ಹೋಗೇ. ಸಿಪ್ಪೆ ಯಾಕೆ, ನಿಮ್ಮ ಪ್ರಯೋಗಾಲಯದಲ್ಲಿ ಹಸು ಕಟ್ಟಿದ್ದೀರಾ?"

ಅವಳು ನಕ್ಕು ಪೆಟ್ಟಿಗೆಯ ಮೇಲೆ ಕೂತಳು. ಅವನು ನಿಂತೇ ಕೇಳಿದ.

"ನೋಡು, ಹೊಟ್ಟೆಯೊಳಗೆ ಇನ್ಸುಲಿನ್ ತಯಾರಾಗೋ ಜಾಗದಲ್ಲೇ ಇನ್ನೊಂದು ಪ್ರೊಟೀನೂ ತಯಾರಾಗುತ್ತೆ. ಎರಡೂ ಜೊತೆಯಾಗೇ ಹೊರಗೆ ಬರ್ತವೆ. ಅದು ಬಿಡಿಬಿಡಿಯಾಗಿ ಇರೋತನಕ ತೊಂದರೆ ಇಲ್ಲ. ನಿನ್ನ ಥರದ ಕಾಯಿಲೆ ಇರೋರಲ್ಲಿ ಅದು ಒಂದಕ್ಕೊಂದು ಅಂಟಿ, ನಾರುನಾರಾಗಿ ಗಂಟು ಕಟ್ಟುತ್ತೆ. ಆ ಗಂಟು ಇನ್ಸುಲಿನ್ ಮಾಡೋ ಜೀವಕೋಶಗಳಿಗೇ ಏಟು ಕೊಡುತ್ತೆ."

"ಮಾಲು ಇಳಿಸೋ ಜಾಗದಲ್ಲಿ ಲಾರಿಗಳು ಸಿಕ್ಕಿಹಾಕ್ಕೊಂಡ ಹಾಗೆ."

"ಹೂಂ. ಸಿಕ್ಕಿಹಾಕ್ಕೊಂಡು ಗೋದಾಮಿನ ಗೋಡೆನೇ ಕೆಡವಿದ ಹಾಗೆ. ಈಗ ಕೆಲವು ಹಣ್ಣಿನ ಸಿಪ್ಪೆ, ಬೀಜದಲ್ಲಿ ಬಾಯಿ ಒಗರು ಮಾಡೋ ಅಂಶ ಇದೆಯಲ್ಲ, ಅದನ್ನ ಬೇರೆ ಮಾಡಿ ಈ ಪ್ರೊಟೀನಿನ ಜೊತೆ ಹಾಕಿದ್ರೆ ಗಂಟು ಕಟ್ಟೋದು ಕಡಿಮೆ ಆಗ್ತಿದೆ. ಗಾಜಿನ ನಳಿಕೆಯಲ್ಲಿ ಮಾತ್ರ. ಮನುಷ್ಯರಲ್ಲಿ ಏನಾಗುತ್ತೋ ಇನ್ನೂ ಗೊತ್ತಿಲ್ಲ. ಕೇಳಿಸ್ತಾ ಮಾವ? ಗಾಜಿನ ನಳಿಕೆಯಲ್ಲಿ."

"ಕೇಳಿಸ್ತು, ಕೇಳಿಸ್ತು."

ವ್ಯಾಪಾರದಲ್ಲಿ ಪಳಗಿದ ಕಿವಿಗೆ ಒಂದು ಗುಣ ಇರುತ್ತದೆ. ದರ ಕೇಳಿಸುತ್ತದೆ, ಷರತ್ತು ಕೇಳಿಸುವುದಿಲ್ಲ. ಚಾಕಣ್ಣನಿಗೆ ಕೇಳಿಸಿದ್ದು ಇಷ್ಟು: ಕಾಯಿಲೆಯ ಗಂಟು ಬಿಡಿಸುವ ಸರಕು ತನ್ನ ಮಂಡಿಯ ಕಸದ ಗುಂಡಿಯಲ್ಲೇ ಬಿದ್ದಿದೆ, ಸುದ್ದಿ ಇನ್ನೂ ಪೇಟೆಗೆ ಮುಟ್ಟಿಲ್ಲ. ಸುದ್ದಿ ಮುಟ್ಟುವ ಮೊದಲೇ ಸರಕು ಹಿಡಿಯುವುದು ಅವನ ರಕ್ತದಲ್ಲಿತ್ತು, ಸಕ್ಕರೆಯ ಜೊತೆಗೇ.

ಅವಳಿಗೆ ಒಂದು ಚೀಲ ಕಟ್ಟಿಕೊಟ್ಟ. ತನಗೆ ಇನ್ನೊಂದು ಕಟ್ಟಿಕೊಂಡ.

ಹೆಂಡತಿ ಕೆಲಸಕ್ಕೆ ಹೋಗುವುದನ್ನೇ ಕಾದು, ಹಿತ್ತಲಿನಲ್ಲಿ ಹಳೆಯ ಕಬ್ಬಿಣದ ಬಾಣಲೆ ಇಟ್ಟು, ಜೇಬಿನ ಚಾಕುವಿನಿಂದಲೇ ಸಿಪ್ಪೆ ಹೆಚ್ಚಿ ಹಾಕಿ ಕುದಿಸಿದ. ನೀರು ಕಂದಾಯಿತು, ಆಮೇಲೆ ಕಪ್ಪಾಯಿತು, ಕೊನೆಗೆ ಬರೆಯಲು ತೆಗೆದ ಶಾಯಿಯ ಹಾಗಾಯಿತು. ಪ್ರಯೋಗಾಲಯದವರು ಚಿಟಿಕೆಯಷ್ಟು ಬಳಸಿದರೆ ತಾನು ಲೋಟದಷ್ಟು ಬಳಸಿದರಾಯಿತು ಎಂದು ಕಣ್ಣು ಮುಚ್ಚಿ ಗಟಗಟ ಕುಡಿದ. ಕೆನ್ನೆಗಳೆರಡೂ ಒಳಗಿನಿಂದ ಯಾರೋ ಹೊಲಿಗೆ ಹಾಕಿದಂತೆ ಬಿಗಿದುಕೊಂಡವು. ಇಷ್ಟು ಕೆಟ್ಟದಾಗಿರುವುದು ಕೆಲಸ ಮಾಡದೆ ಇರಲು ಸಾಧ್ಯವೇ ಇಲ್ಲ ಎಂದು ಅವನಿಗೆ ಧೈರ್ಯ ಬಂತು.

ಇಷ್ಟಕ್ಕೇ ನಿಲ್ಲಿಸಿದ್ದರೆ ಬಾಯಿ ಒಗರಾದುದಷ್ಟೇ ನಷ್ಟ. ಆದರೆ ರುಚಿ ನೋಡುವವರದ್ದೊಂದು ನಿಯಮವಿದೆ. ಎರಡು ಮಾಲನ್ನು ಒಟ್ಟಿಗೆ ಬಾಯಿಗೆ ಹಾಕಬಾರದು. ಹಾಕಿದರೆ ಯಾವುದರ ಗುಣ ಯಾವುದೆಂದು ತಿಳಿಯುವುದಿಲ್ಲ. ಮೊದಲಿನದನ್ನು ಉಗಿದು, ಬಾಯಿ ಮುಕ್ಕಳಿಸಿ, ಆಮೇಲೆ ಎರಡನೆಯದು. ಸಿಪ್ಪೆಯ ಕೆಲಸ ಶುದ್ಧವಾಗಿ ತಿಳಿಯಬೇಕಾದರೆ ಮಾತ್ರೆ ಬಾಯಿಂದ ಹೊರಗಿರಬೇಕು ಎಂದು ಚಾಕಣ್ಣ ತೀರ್ಮಾನಿಸಿದ. ಹೆಂಡತಿ ಎದುರು ನಿಂತು ಮಾತ್ರೆ ಕೊಡುತ್ತಿದ್ದಳು, ನೀರು ಕುಡಿಯುವವರೆಗೂ ಕದಲುತ್ತಿರಲಿಲ್ಲ. ಆದರೆ ಬಾಯಿಗೆ ಹಾಕಿದ್ದನ್ನು ನುಂಗದೆ ಇಟ್ಟುಕೊಳ್ಳುವ ವಿದ್ಯೆಯಲ್ಲಿ ಅವನು ಅರ್ಧ ಆಯುಷ್ಯ ಕಳೆದವನು. ಕೆನ್ನೆಯ ಮೂಲೆಯಲ್ಲಿ ಅದನ್ನು ಕೂರಿಸಿ, ನೀರು ಕುಡಿದು, 'ಆಯ್ತಲ್ಲ?' ಎಂದು ಹಿತ್ತಲಿಗೆ ಹೋಗಿ ಹೂವಿನ ಕುಂಡಕ್ಕೆ ಉಗಿಯುತ್ತಿದ್ದ.

ದಿನಗಳು ಕಳೆದವು. ಬಾಯಿ ಒಣಗತೊಡಗಿತು. ಬಾಯಾರಿಕೆಗೆ ಕೊನೆಯೇ ಇಲ್ಲ. ಹರಾಜಿನ ನಡುವೆ ಮೂಲೆಯ ಶೌಚಾಲಯಕ್ಕೆ ಓಡುವುದು, ಬರುವುದು, ಮತ್ತೆ ಓಡುವುದು. ಮೊದಲೇ ನಿಲ್ಲದವನು, ಯಾರಿಗೂ ವ್ಯತ್ಯಾಸ ಕಾಣಲಿಲ್ಲ. 'ಗಂಟು ಬಿಚ್ಚಿಕೊಳ್ತಿದೆ, ಅದಕ್ಕೇ ಒಳಗೆ ಗಲಾಟೆ' ಎಂದು ತನಗೆ ತಾನೇ ಹೇಳಿಕೊಂಡ. ಹೆಂಡತಿ ಬೆರಳು ಕೇಳಿದರೆ ಇವತ್ತು ಬೇಡ, ನಾಳೆ ಎಂದು ಅಂಗಿ ತೊಟ್ಟು ಹೊರಟುಬಿಡುತ್ತಿದ್ದ.

ಪರೀಕ್ಷೆಯ ಬೆಳಿಗ್ಗೆ ಬಂತು. ದೊಡ್ಡ ದಿನವೆಂದು ಅವನು ಕಷಾಯವನ್ನೂ ಗಟ್ಟಿಯಾಗಿಯೇ ಕುದಿಸಿ ಕುಡಿದು ಬಂದಿದ್ದ.

ಕಾರ್ಖಾನೆಯ ಅಧಿಕಾರಿಣಿ ಮಿತವಾಗಿ ಮಾತಾಡುವ ಹೆಂಗಸು. ಎರಡು ರಾಶಿ ಕಿತ್ತಳೆಯ ಮುಂದೆ ನಿಂತು, "ಮೊದಲು ನೀವು ಹೇಳಿ, ಆಮೇಲೆ ಮೀಟರ್," ಎಂದರು. ಕನ್ನಡಕ ಯಂತ್ರವನ್ನು ಒರೆಸುತ್ತ ನಿಂತಿದ್ದ. ಅಕ್ಕನ ಮಗಳೂ ಅಂದೇ ಸಿಪ್ಪೆ ಒಯ್ಯಲು ಬಂದವಳು ಗುಂಪಿನ ಹಿಂದೆ ನಿಂತಿದ್ದಳು.

ಚಾಕಣ್ಣ ಮೊದಲ ರಾಶಿಯ ಆಳಕ್ಕೆ ಕೈ ಹಾಕಿ ಹಣ್ಣೆಳೆದು ಹೋಳು ಮಾಡಿ ಅಗಿದ. ಏನೂ ಗೊತ್ತಾಗಲಿಲ್ಲ. ಇನ್ನೊಮ್ಮೆ ಅಗಿದ. ನಾಲಿಗೆಯ ಮೇಲೆ ಚರ್ಮದ ಚೀಲ ತೊಡಿಸಿದ ಹಾಗಿತ್ತು. ರಸ ಹರಿಯುತ್ತಿದೆ, ರುಚಿ ಮಾತ್ರ ಬಾಗಿಲಾಚೆ ನಿಂತಿದೆ.

"ಸಪ್ಪೆ," ಎಂದ.

ಮಾಲು ತಂದಿದ್ದ ಬೆಳೆಗಾರ, "ಏನಣ್ಣಾ, ನನ್ನ ಹಣ್ಣು ಸಪ್ಪೆನಾ? ಇದನ್ನ ತಿಂದ್ರೆ ನಮ್ಮ ಮನೆ ಮಕ್ಕಳು ಸಿಹಿ ಹೋಗುತ್ತೆ ಅಂತ ಬಾಯಿ ತೊಳೆಯೋಕೆ ಬಿಡಲ್ಲ!" ಎಂದು ಕೂಗಿದ.

ಹೆದರಿದ ಚಾಕಣ್ಣ ಎರಡನೇ ರಾಶಿಗೆ, ಲೆಕ್ಕ ಸರಿಹೋಗಲಿ ಎಂಬ ಆಸೆಯಿಂದ, "ಜೇನು," ಎಂದುಬಿಟ್ಟ.

ಮೀಟರಿನ ಅಂಕಿ ತಿರುವುಮುರುವಾಗಿತ್ತು. ಅಧಿಕಾರಿಣಿ ತಾವೇ ಎರಡರ ಹೋಳನ್ನೂ ಬಾಯಿಗೆ ಹಾಕಿಕೊಂಡರು. ಎರಡನೆಯದಕ್ಕೆ ಒಂದು ಕಣ್ಣು ಮುಚ್ಚಿತು. "ಇವತ್ತು ಸಾಕು," ಎಂದರು. ಯಾರೂ ನಗಲಿಲ್ಲ. ಕನ್ನಡಕನೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು ಎನಿಸಿತು ಚಾಕಣ್ಣನಿಗೆ.

ಗೋದಾಮಿನ ಹಿಂದೆ ಅಲ್ಲಿಂದಿಲ್ಲಿಗೆ ನಡೆಯುತ್ತಿದ್ದವನನ್ನು ಅಕ್ಕನ ಮಗಳು ಹಿಡಿದು ನಿಲ್ಲಿಸಿದಳು.

"ಚಾಕು ಕೊಡು ಮಾವ."

"ಯಾಕೆ?"

"ಯಾಕೆ ಕಪ್ಪಾಗಿದೆ ಇದು? ಬೆರಳೂ ಕಪ್ಪಾಗಿದೆ." ಅವಳು ಅಲಗನ್ನು ಬೆಳಕಿಗೆ ಹಿಡಿದಳು. "ಕಬ್ಬಿಣಕ್ಕೆ ದಾಳಿಂಬೆ ಸಿಪ್ಪೆ ತಾಗಿದ್ರೆ ಹೀಗಾಗುತ್ತೆ. ಎಲ್ಲಿ, ನಾಲಿಗೆ ಚಾಚು."

"ಏಯ್, ಸುಮ್ನಿರೇ. ಜನ ನೋಡ್ತಾರೆ."

"ಚಾಚು ಅಂದೆ."

ಇಡೀ ಮಂಡಿಗೆ ತೀರ್ಪು ಹೇಳುತ್ತಿದ್ದ ನಾಲಿಗೆಯನ್ನು ಅವನು ಶಾಲೆಯ ಹುಡುಗನಂತೆ ಹೊರಗೆ ಚಾಚಿದ. ಅದು ನೇರಳೆ ಹಣ್ಣು ಕದ್ದು ತಿಂದವರ ನಾಲಿಗೆಯ ಹಾಗಿತ್ತು.

"ಎಷ್ಟು ಕುಡಿದೆ?"

"ಸ್ವಲ್ಪ."

"ಮಾತ್ರೆ?"

ಅವನು ಲಾರಿಗಳ ಕಡೆ ನೋಡಿದ. ಅವಳಿಗೆ ಉತ್ತರ ಸಿಕ್ಕಿತು.

ಡಾಕ್ಟರ ಬಳಿ ಬೆರಳು ಚುಚ್ಚಿದಾಗ ಬಂದ ಅಂಕಿಯನ್ನು ಅವರು ನಂಬದೆ ಇನ್ನೊಂದು ಬೆರಳು ಕೇಳಿದರು. ಎರಡನೆಯದೂ ಮೊದಲಿನದಕ್ಕೇ ಸಾಕ್ಷಿ ಹೇಳಿತು. ಅಷ್ಟರಲ್ಲಿ ಹೆಂಡತಿಯೂ ಬಂದಿದ್ದಳು. ಬೈಯಲಿಲ್ಲ. "ಆ ಹೂವಿನ ಗಿಡ ಯಾಕೆ ಬಾಡಿತು ಅಂತ ಈಗ ತಿಳೀತು," ಎಂದಷ್ಟೇ ಹೇಳಿ ಅತ್ತ ತಿರುಗಿ ಕೂತಳು. ಬೈದಿದ್ದರೆ ಅವನು ಎದ್ದು ಹೋಗಬಹುದಿತ್ತು. ಈಗ ಹೋಗಲು ದಾರಿಯಿಲ್ಲ.

"ನೀನೇ ಅಲ್ವೇನೇ ಹೇಳಿದ್ದು, ಗಂಟು ಕಟ್ಟಲ್ಲ ಅಂತ?" ಎಂದು ಅವನು ಅಕ್ಕನ ಮಗಳ ಮೇಲೆ ತಿರುಗಿದ.

"ಗಾಜಿನ ನಳಿಕೆಯಲ್ಲಿ ಅಂದೆ. ನೀನು ಕುಡಿದಿದ್ದು ಹೊಟ್ಟೆಗೆ ಹೋಯ್ತು. ಅಲ್ಲಿ ಅರ್ಧ ಕರಗುತ್ತೆ, ಅರ್ಧ ಹೊರಗೆ ಹೋಗುತ್ತೆ, ಗಂಟಿರೋ ಜಾಗಕ್ಕೆ ಮುಟ್ಟೋದು ಎಷ್ಟೋ, ಏನೋ. ಒಗರು ಮಾತ್ರ ನಾಲಿಗೆಗೆ ಸರಿಯಾಗಿ ಮುಟ್ಟಿತು."

"ಹಾಗಾದ್ರೆ ನಿಮ್ಮ ಔಷಧಿ ಬರೋಕೆ ಇನ್ನೆಷ್ಟು ವರ್ಷ?"

"ಗೊತ್ತಿಲ್ಲ ಮಾವ. ಬಹಳ ವರ್ಷ ಆಗಬಹುದು. ಬರದೆಯೂ ಇರಬಹುದು."

ಚಾಕಣ್ಣ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ನಡೆದ. "ನಾನು ಅಷ್ಟು ದಿನ ಇಡೋ ಮಾಲಲ್ಲ ಕಣೆ. ಆಗಲೇ ಮೆತ್ತಗಾಗಿದ್ದೀನಿ."

"ಕೊಳ್ಳೋನು ಬರೋದು ತಡ ಆದ್ರೆ, ಮೆತ್ತಗಾಗ್ತಿರೋ ಮಾಲನ್ನ ಎಲ್ಲಿಡ್ತೀಯ ನೀನು?"

"ಕೋಲ್ಡ್ ಸ್ಟೋರೇಜಲ್ಲಿ. ಇನ್ನೆಲ್ಲಿ?"

ಅವಳು ಅತ್ತ ಕೈ ತೋರಿಸಿದಳು. ನರ್ಸು ಮೂಲೆಯ ಪುಟ್ಟ ಫ್ರಿಜ್ಜಿನ ಬಾಗಿಲು ತೆಗೆದು ಇನ್ಸುಲಿನ್ ಪೆನ್ನಿನ ಪೊಟ್ಟಣ ಹೊರಗೆ ತೆಗೆಯುತ್ತಿದ್ದಳು. ಚಾಕಣ್ಣ ಅದನ್ನೇ ನೋಡಿದ. ಬೇಡದ ದರಕ್ಕೆ ಒಪ್ಪುವವನ ದನಿಯಲ್ಲಿ, "ಎಲ್ಲಿ ಚುಚ್ಚಬೇಕು?" ಎಂದು ಕೇಳಿದ.

ಹೊಟ್ಟೆಗೆ ಚುಚ್ಚಿದ ಸೂಜಿ ಅವನು ಅಂದುಕೊಂಡದ್ದಕ್ಕಿಂತ ಸಣ್ಣದಿತ್ತು. ಅದೂ ಒಂದು ಅವಮಾನವೇ ಎನಿಸಿತು. ಇಷ್ಟಕ್ಕೇ ಇಷ್ಟು ಓಡಾಡಿದೆನೇ ಎಂದು. ಕಷಾಯದ ಬಾಣಲೆಯನ್ನು ಹೆಂಡತಿ ತಿಕ್ಕಿದಳು, ಕಪ್ಪು ಹೋಗಲಿಲ್ಲ, ಹಿತ್ತಲಿನಲ್ಲಿ ಗಿಡಕ್ಕೆ ನೀರೆರೆಯಲು ಇಟ್ಟಳು. ಸಕ್ಕರೆ ಇಳಿಯುತ್ತ ಬಂತು. ಬಾಯಿಯ ಒಣಗು ಹೋಯಿತು. ಒಂದು ಬೆಳಿಗ್ಗೆ, ಹೆಂಡತಿ ಕೊಟ್ಟ ಸಪ್ಪೆ ಚಹಾ ಕುಡಿದು ಅವನು, "ಹಾಲು ನಿನ್ನೇದು," ಎಂದ. ಅವಳು ಪಾತ್ರೆಯನ್ನು ಮೂಸಿ ನೋಡಿ, ಮುಖ ತಿರುಗಿಸಿ ನಕ್ಕಳು.

ನಾಲಿಗೆ ಬಂದಿತ್ತು. ಅದರ ಮಾತಿಗೆ ಹೋದ ಬೆಲೆ ಬರಬೇಕಿತ್ತು. ಅಧಿಕಾರಿಣಿ ಕನ್ನಡಕನ ಯಂತ್ರದ ಮೇಲೆಯೇ ಒಪ್ಪಂದ ಮುಗಿಸಲು ಮತ್ತೆ ಬರುವ ದಿನ ಚಾಕಣ್ಣ ಕೂದಲಿಗೆ ಕಪ್ಪು ಹಚ್ಚಲಿಲ್ಲ. ಬೇಕೆಂದೇ ಬಿಟ್ಟದ್ದಲ್ಲ. ಗಡಿಬಿಡಿಯಲ್ಲಿ ಮರೆತಿತ್ತು. ದಾರಿಯಲ್ಲಿ ನೆನಪಾದರೂ ತಿರುಗಿ ಹೋಗಲಿಲ್ಲ.

ಮಂಡಿಯ ನಡುವೆ, ಕನ್ನಡಕ, ಬೆಳೆಗಾರರು, ಚಹಾದವನು ಎಲ್ಲ ಕೇಳುವ ಹಾಗೆ ಅವನು ಅಧಿಕಾರಿಣಿಗೆ ಹೇಳಿದ: "ಅಮ್ಮಾ, ನನಗೆ ಸಕ್ಕರೆ ಕಾಯಿಲೆ. ಈಗ ಸೂಜಿ ತಗೋತಿದೀನಿ. ಆವತ್ತು ಔಷಧಿ ಬಿಟ್ಟು, ಏನೋ ಕುಡಿದು ಬಾಯಿ ಕೆಡಿಸ್ಕೊಂಡಿದ್ದೆ. ಇವತ್ತು ಇನ್ನೊಂದು ಸಲ ನೋಡಿ. ತಪ್ಪಿದ್ರೆ ಚಾಕು ಇಲ್ಲೇ ಇಟ್ಟು ಹೋಗ್ತೀನಿ."

ಜೇಬಿನಿಂದ ಇನ್ಸುಲಿನ್ ಪೆನ್ನನ್ನೂ ತೆಗೆದು ತೋರಿಸಿದ. ಕನ್ನಡಕ ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು, "ಯಾವ ಕಂಪನೀದಣ್ಣ? ನಮ್ಮಪ್ಪನಿಗೂ ಹೇಳ್ತಿದ್ದಾರೆ," ಎಂದು ಮೆಲ್ಲಗೆ ಕೇಳಿದ.

ಅಧಿಕಾರಿಣಿ ರಾಶಿಯ ಮೇಲಿದ್ದ ಹಣ್ಣೊಂದನ್ನು ಎತ್ತಿ ಕೊಟ್ಟರು.

"ಅದಲ್ಲ," ಎಂದು ಚಾಕಣ್ಣ ಮೊಣಕೈವರೆಗೆ ಕೈ ಇಳಿಸಿ ಅಡಿಯಿಂದ ಒಂದು ಎಳೆದ. ಹೋಳು ಮಾಡಿದ. ಅಗಿದ. ಈ ಸಲ ರುಚಿ ಬಾಗಿಲು ತಟ್ಟದೆಯೇ ಒಳಗೆ ಬಂತು. ಮೊದಲು ಹುಳಿ, ಅದರ ಹಿಂದೆ ಸಿಹಿ, ಕೊನೆಗೆ ಒಂದು ಚೂರು ಕಹಿ. ಉಗಿದ, ಪೂರ್ತಿಯಾಗಿ ಉಗಿದ.

"ಪರವಾಗಿಲ್ಲ. ಇನ್ನೊಂದು ವಾರ ಗಿಡದಲ್ಲಿ ಬಿಟ್ಟಿದ್ರೆ ಜೇನಾಗ್ತಿತ್ತು."

ಅಧಿಕಾರಿಣಿ ಮೀಟರು ನೋಡಿದರು. ಮುಂದಿನ ರಾಶಿಯ ಕಡೆ ಕೈ ತೋರಿಸಿದರು. ಅದನ್ನೂ ಹೇಳಿದ. ಅದರ ಮುಂದಿನದನ್ನೂ. ಕೊನೆಗೆ ಅವರು, "ಎರಡೂ ಇರಲಿ. ಇವರು ಹೇಳಲಿ, ಅದು ಅಳೆಯಲಿ," ಎಂದರು. ಕನ್ನಡಕನಿಗೆ ಅರ್ಧ ಸಂತೋಷ, ಚಾಕಣ್ಣನಿಗೆ ಅರ್ಧ ಸಂತೋಷ. ಮಂಡಿಯಲ್ಲಿ ಇದಕ್ಕಿಂತ ಒಳ್ಳೆಯ ವ್ಯಾಪಾರ ದಿನಾ ಆಗುವುದಿಲ್ಲ.

ಅವನು ಈಗಲೂ ಕೂರುವುದಿಲ್ಲ. ಚಹಾದವನು ಈಗಲೂ ಲೋಟ ಹುಡುಕುತ್ತಾನೆ. ಗೇಟಿನ ಬಳಿ ಪೆಟ್ಟಿಗೆ ಎಣಿಸುವ ಮುದುಕನ ಹತ್ತಿರ ಮಾತ್ರ ಚಾಕಣ್ಣ ಈಗ ಸ್ವಲ್ಪ ಹೊತ್ತು ನಿಲ್ಲುತ್ತಾನೆ. ಏನು ಮಾತಾಡುತ್ತಾರೋ, ಇಬ್ಬರೂ ಹೊಟ್ಟೆ ಮುಟ್ಟಿ ಮುಟ್ಟಿ ತೋರಿಸಿಕೊಳ್ಳುತ್ತಾರೆ.

ಅಕ್ಕನ ಮಗಳಿಗೆ ವಾರವಾರವೂ ಸಿಪ್ಪೆಯ ಚೀಲ ಹೋಗುತ್ತದೆ. ಮೇಲೊಂದು ಅಡಿಯೊಂದು ಇಲ್ಲದೆ, ಎಲ್ಲ ಒಂದೇ ಬಗೆಯ ಸಿಪ್ಪೆ. ಚೀಲ ಕೊಡುವಾಗ ಅವನು ಬೇರೆಲ್ಲೋ ನೋಡುತ್ತ ಕೇಳುತ್ತಾನೆ.

"ಏನಾದ್ರೂ ಆಯ್ತಾ?"

"ಇನ್ನೂ ಗಾಜಿನಲ್ಲೇ ಇದೆ ಮಾವ."

"ಬೇಗ ಬೇಗ ನೋಡ್ರೇ," ಎನ್ನುತ್ತಾನೆ. ಅಷ್ಟರಲ್ಲಿ ಯಾವುದೋ ಲಾರಿ ಹಿಂದಕ್ಕೆ ಸರಿದು ನಿಲ್ಲುತ್ತದೆ, ಚಾಕು ಜೇಬಿನಿಂದ ಹೊರಗೆ ಬರುತ್ತದೆ, ಮಾತು ಅರ್ಧಕ್ಕೇ ಬಿಟ್ಟು ಚಾಕಣ್ಣ ಆಗಲೇ ಅತ್ತ ಹೊರಟಿರುತ್ತಾನೆ.